ದಾರ ಹೇಳಿದ ಐದು ತಾಸು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಹಸಿವಾದರಂತೂ ಕೇಳಲೇಬೇಡಿ. ೧೯೭೫ರ ನವೆಂಬರಿನ ಆ ರವಿವಾರ ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಒಲೆಯೇ ಹತ್ತಲಿಲ್ಲ.

ಕಾರಣ ಬಾಜು ಮನೆಯ ನೇಕಾರ ರಹಿಮಾನಸಾಬ. ಅವತ್ತು ಅವನು ಹಜ್‌ಗೆಂದು ಮುಂಬಯಿಯಿಂದ ಜಿದ್ದಾಕ್ಕೆ ವಿಮಾನದಲ್ಲಿ ಹೊರಟಿದ್ದ. ನಮ್ಮ ಓಣಿಯಲ್ಲಿ ವಿಮಾನ ಹತ್ತಿದ ಮೊದಲಿಗ. ಅವನು ನೆಲ ಮುಟ್ಟುವ ತನಕ ಹನಿ ನೀರೂ ಕುಡಿಯುವುದಿಲ್ಲವೆಂದು ಅವನ ಹೆಂಡತಿ ಅಜೀಜಾಬಿ ನಮ್ಮ ಪಡಸಾಲೆಯಲ್ಲಿ ಬಂದು ಕೂತಳು. ನನ್ನ ಹೆಂಡತಿ ಮಹಾದೇವಕ್ಕ ಅವಳ ಪಕ್ಕ ಕೂತಳು.

“ಬಾಜು ಮನಿಯಾಕಿ ಉಪಾಸ ಕುಂತಾಗ ನಾ ರೊಟ್ಟಿ ಬಡೀಲೇನ್ರಿ? ತಿಂದ್ರ ಗಂಟಲದಾಗ ಇಳೀತೈತೇನು?” ಎಂದಳು.

“ನನಗ ಇಳೀತೈತಿ!” ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪುಣ್ಯಕ್ಕೆ ರಹಿಮಾನಸಾಬ ಮುಂಬಯಿಯಿಂದ ಕಾಗದ ಬರೆದಿದ್ದ. ಮುಂಜಾನೆ ಒಂಬತ್ತಕ್ಕೆ ಹೊರಟು ಹನ್ನೊಂದೂವರೆಗೆ ಮುಟ್ಟುವುದೆಂದು ಟಿಕೀಟಿನಲ್ಲಿ ಇದೆಯಂತೆ. ಎರಡೂವರೆ ತಾಸು ತಾನೆ, ತಡೆದರಾಯಿತು ಎಂದುಕೊಂಡೆ. ಆದರೆ ಮಾಸ್ತರಿಕೆಯ ಚಟ ಬಿಡಬೇಕಲ್ಲ! ಶಾಲೆಯ ಅಟ್ಲಾಸ್ ಹರವಿ, ಅಜೀಜಾಬಿಯಿಂದ ಮಗ್ಗದ ದಾರ ಇಸಿದುಕೊಂಡು, ಮುಂಬಯಿಯಿಂದ ಜಿದ್ದಾಕ್ಕೆ ಎಳೆದು ಅಳೆದೆ. ಮೂರೂವರೆ ಸಾವಿರ ಕಿಲೋಮೀಟರ್! ತಾಸಿಗೆ ಎಂಟುನೂರು ಹೋದರೂ, ಏರುವ ಇಳಿಯುವ ಹೊತ್ತು ಸೇರಿ ಐದು ತಾಸು ಬೇಕು. ಇನ್ನೊಮ್ಮೆ ಅಳೆದೆ, ದಾರ ಮಾತು ಬದಲಿಸಲಿಲ್ಲ. ಆಗ ಹೊಳೆಯಿತು: ಟಿಕೀಟಿನ ಹನ್ನೊಂದೂವರೆ ಜಿದ್ದಾದ ಗಡಿಯಾರದ್ದು. ಆಗ ನಮ್ಮಲ್ಲಿ ಮಧ್ಯಾಹ್ನ ಎರಡು.

ಬಾಯಿ ಮುಚ್ಚಿಕೊಂಡು ಕೂತರೆ ಇನ್ನು ಹತ್ತು ನಿಮಿಷಕ್ಕೆ ಒಲೆ ಹತ್ತುತ್ತದೆ. ಮುಚ್ಚಿಕೊಂಡೆ.

ಹನ್ನೊಂದೂವರೆ ಹೊಡೆಯಿತು. “ಯಾ ಅಲ್ಲಾ, ಮುಟ್ಟಿದ್ರು!” ಎಂದು ಅಜೀಜಾಬಿ ನೀರಿನ ತಂಬಿಗೆ ಎತ್ತಿದಳು. ತಂಬಿಗೆ ತುಟಿಯ ಹತ್ತಿರ ಬಂತು. ನನ್ನಿಂದ ತಡೆಯಲಾಗಲಿಲ್ಲ.

“ತಡೀರಿ ವೈನಿ! ಕುಡೀಬ್ಯಾಡ್ರಿ! ಸಾಬ್ರು ಇನ್ನೂ ಸಮುದ್ರದ ಮ್ಯಾಲೆ ಅದಾರ!”

ಮಹಾದೇವಕ್ಕ ಹೌಹಾರಿದಳು. “ಏನ್ ಮಾತಂತ ಆಡ್ತೀರಿ! ಆಕಿ ಜೀವಾ ಹಾರಸ್ತೀರೇನ್ರಿ?”

ನಾನು ಒದರಾಡುತ್ತ ಗಡಿಯಾರ, ಅಟ್ಲಾಸು, ದಾರ ಎಲ್ಲ ವಿವರಿಸಿದೆ. ಮಹಾದೇವಕ್ಕನಿಗೆ ಒಂದಕ್ಷರ ತಿಳಿಯಲಿಲ್ಲ. ಅಜೀಜಾಬಿ ಮಾತ್ರ ತಂಬಿಗೆ ಕೆಳಗಿಟ್ಟಳು.

“ಖರೇ ಐತ್ರಿ ಮಾಸ್ತರ್ರ. ನಾವು ನಮಾಜಿಗೆ ಮಾರಿ ಮಾಡೂದು ಹೊತ್ತು ಮುಣಗೂ ದಿಕ್ಕಿಗೆ. ಹೊತ್ತು ಮೊದಲ ನಮ್ಮನ್ನ ನೋಡಿ, ಆಮ್ಯಾಲ ಅಲ್ಲಿಗೆ ಹೋಗತೈತಿ.”

ಇಪ್ಪತ್ತು ವರ್ಷ ಭೂಗೋಳ ಕಲಿಸಿದ ನನಗೆ ಇಷ್ಟು ಸಲೀಸಾಗಿ ಹೇಳಲು ಬಂದಿರಲಿಲ್ಲ. ನಾಚಿಕೆಯಾಯಿತು.

ಎರಡು ಹೊಡೆಯುವ ಹೊತ್ತಿಗೆ ನನ್ನ ಕಣ್ಣಿಗೆ ಕತ್ತಲೆ ಕಟ್ಟಿತ್ತು. “ಇಳದ್ರು! ಕುಡೀರಿ ವೈನಿ! ಏ, ಒಲಿ ಹಚ್ಚ!” ಎಂದೆ. ಮಹಾದೇವಕ್ಕ ಒಳಗೆ ಓಡಿದಳು.

ಅಜೀಜಾಬಿ ತಂಬಿಗೆ ಮುಟ್ಟಲಿಲ್ಲ. ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು.

“ಇನ್ನ ಕಾಲ ತಾಸು ತಡೀರಿ ಮಾಸ್ತರ್ರ. ಹುಬ್ಬಳ್ಳಿ ಬಸ್ಸಿನ್ಯಾಗಿಂದ ಅವರು ಎಂದರ ಮೊದಲ ಇಳದಾರೇನು? ಎಲ್ಲಾರ ಗಂಟು ಇಳಿಸಿಕೊಟ್ಟು ಕಡೀಕ ಇಳಿಯೂ ಮನಷ್ಯಾ. ಅಲ್ಲೂ ಯಾವ ಮುದುಕೀದು ಗಂಟು ಹಿಡಕೊಂಡು ನಿಂತಾರೊ!”

ಮಹಾದೇವಕ್ಕ ಕಡ್ಡಿಪೆಟ್ಟಿಗೆ ಹಿಡಿದುಕೊಂಡೇ ಒಳಗಿನಿಂದ ಬಂದು ಮತ್ತೆ ಅವಳ ಬಾಜು ಕೂತಳು. ನಾನೂ ಕೂತೆ.