ಶಾಸ್ತ್ರಿ ಸರ್ಕಲ್ಲಿನ ಬೀಪ್

ಇಪ್ಪತ್ತೆರಡು ವರ್ಷ ಕುಂದಾಪುರ–ಕೊಲ್ಲೂರು ದಾರಿಯಲ್ಲಿ ಬಸ್ಸು ಓಡಿಸಿದ ಚಂದಯ್ಯನಿಗೆ, ಎದುರಿಗಿರುವ ವಾಹನವನ್ನು ಇನ್ನೊಬ್ಬರು ತೋರಿಸಿಕೊಡುವ ಕಾಲ ಬರುತ್ತದೆಂದು ಅನಿಸಿರಲಿಲ್ಲ. ೨೦೧೫ರ ಬೇಸಗೆಯಲ್ಲಿ ಅದೂ ಬಂತು. ಎಂಜಿನಿಯರಿಂಗ್ ಮುಗಿಸಿದ ಬಿಜೂರಿನ ವಿನಯಾ, ಕ್ಯಾಮೆರಾದಿಂದ ವಾಹನ ಗುರುತಿಸಿ ಡಿಕ್ಕಿ ತಪ್ಪಿಸುವ ಯಂತ್ರವೊಂದನ್ನು ತಯಾರಿಸುತ್ತಿದ್ದಳು. ಪೇಟೆಯ ಗಿಜಿಗಿಜಿಯಲ್ಲಿ ಅದನ್ನು ಪರೀಕ್ಷಿಸಲು ಅವಳಿಗೆ ನುರಿತ ಡ್ರೈವರ್ ಬೇಕಿತ್ತು.

ಕಾರಿನ ಗಾಜಿಗೆ ಕ್ಯಾಮೆರಾ, ವಿನಯಾಳ ತೊಡೆಯ ಮೇಲೆ ಲ್ಯಾಪ್‌ಟಾಪ್. ಪರದೆಯಲ್ಲಿ ರಿಕ್ಷಾ, ಬಸ್ಸುಗಳ ಸುತ್ತ ಹಸಿರು ಚೌಕ ಮೂಡುತ್ತಿತ್ತು; ತೀರಾ ಹತ್ತಿರವಾದರೆ ಕೆಂಪಾಗಿ ಬೀಪ್ ಎನ್ನುತ್ತಿತ್ತು. ಎರಡೇ ದಿನದಲ್ಲಿ ಚಂದಯ್ಯನ ತಲೆ ಕೆಟ್ಟುಹೋಯಿತು. ಮೀನಿನ ಟೆಂಪೋ ಮೂಗಿನ ಮುಂದೆ ನುಗ್ಗಿದಾಗ ಸುಮ್ಮನಿದ್ದ ಯಂತ್ರ, ಅಂಗಡಿಯ ನೆರಳು ಕಂಡು ಕೂಗಿಕೊಂಡಿತು.

"ಇದ್ರ್ ಮಾತ್ ಕೇಣ್ಕಾ, ನನ್ ಕಣ್ಣ್ ನಂಬ್ಕಾ?" ಎಂದ.

"ಬೀಪ್ ಅಂದ್ರೆ ಬ್ರೇಕ್ ಹಾಕಿ ಚಂದಯ್ಯಣ್ಣ, ಅಷ್ಟೇ," ಎಂದಳು ವಿನಯಾ.

ಮೂರನೆಯ ದಿನ ಮಧ್ಯಾಹ್ನ ಶಾಸ್ತ್ರಿ ಸರ್ಕಲ್ ಬಳಿ ಬಸ್ಸೊಂದು ಜನ ಹತ್ತಿಸಿಕೊಳ್ಳುತ್ತ ನಿಂತಿತ್ತು. ಅದರ ಬಲಗಡೆಯಿಂದ ದಾಟಲು ಹೊರಟಾಗ ಬೀಪ್ ಅಂದಿತು. ದಾರಿ ಖಾಲಿ. ಆದರೂ ಚಂದಯ್ಯ ಬ್ರೇಕ್ ಒತ್ತಿದ. ಅದೇ ಕ್ಷಣ ಬಸ್ಸಿನ ಮುಂದುಗಡೆಯಿಂದ ಸ್ಕೂಟರೊಂದು ಅಡ್ಡ ಬಂದು, ಬಂಪರಿಗೆ ಗೇಣಿನಷ್ಟು ದೂರದಲ್ಲಿ ಓಲಾಡಿ ನಿಂತಿತು. ಮೇಲಿದ್ದವಳು ಮೀನು ಮಾರುವ ಜಲಜ.

"ಹ್ವಾಯ್, ನಾ ಬಪ್ಪುದ್ ನಿಮ್ಗ್ ಹ್ಯಾಂಗೆ ಕಂಡ್ತ್ ಮಾರಾಯ್ರೆ?"

"ನಂಗಲ್ಲ, ಅದ್ಕ್ ಕಂಡದ್ದ್," ಎಂದು ಚಂದಯ್ಯ ಕ್ಯಾಮೆರಾ ತೋರಿಸಿದ. ಜಲಜ ಕ್ಯಾಮೆರಾಕ್ಕೇ ಕೈಮುಗಿದು ಹೋದಳು.

ಕಾರನ್ನು ಬದಿಗೆ ನಿಲ್ಲಿಸಿದ ಮೇಲೆ ವಿನಯಾ ರೆಕಾರ್ಡಿಂಗ್ ಹಾಕಿ ನೋಡಿದಳು. ಮುಖ ಸಪ್ಪಗಾಯಿತು. ಕೆಂಪು ಚೌಕ ಬಿದ್ದದ್ದು ಬಸ್ಸಿನ ಬೆನ್ನಿಗೆ ಅಂಟಿಸಿದ್ದ ಜಾಹೀರಾತಿನ ಕಾರಿನ ಚಿತ್ರದ ಮೇಲೆ. ಸ್ಕೂಟರನ್ನು ಯಂತ್ರ ಕೊನೆಯವರೆಗೂ ಗುರುತಿಸಿರಲೇ ಇಲ್ಲ.

ಚಂದಯ್ಯ ಮೂರು ಸಲ ಹಾಕಿಸಿ ನೋಡಿದ. ಯಂತ್ರ ಆ ಚಿತ್ರವನ್ನು ಚಿತ್ರವೆಂದೇ ಗುರುತಿಸಿದ್ದರೆ ಬೀಪ್ ಬರುತ್ತಿರಲಿಲ್ಲ; ತಾನು ಬ್ರೇಕ್ ಹಾಕುತ್ತಲೂ ಇರಲಿಲ್ಲ. ಹಾಗಾದರೆ ಜಲಜಳನ್ನು ಉಳಿಸಿದ್ದು ಯಾರು?

"ಇದನ್ನ್ ಎಂತ ಅಂದ್ ಬರೀತೆ? ಸರಿಯಾ, ತಪ್ಪಾ?" ಎಂದು, ಪರೀಕ್ಷೆಯ ವಿವರ ಬರೆದಿಡುವ ಅವಳ ಪುಸ್ತಕ ತೋರಿಸಿ ಕೇಳಿದ.

"ತಪ್ಪ್ ಅಂದೇ ಬರೀಕ್," ಎಂದಳು ವಿನಯಾ. ಹಾಗೆಯೇ ಬರೆದು, ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಹಾಕಿದಳು. "ನಂಗೂ ಗೊತ್ತಾತಿಲ್ಲೆ ಚಂದಯ್ಯಣ್ಣ."

ಇನ್ನೊಂದು ಸುತ್ತು ಹೊರಟರು. ನಿಂತ ಬಸ್ಸು ಕಂಡಲ್ಲೆಲ್ಲ ಚಂದಯ್ಯನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಅದು ಬುದ್ಧಿಯೋ ಹೆದರಿಕೆಯೋ, ಅವನಿಗೆ ತಿಳಿಯಲಿಲ್ಲ.