ಕಿಣ್ವ ಬೆರೆಸಿದ ನಳಿಕೆ

ನೊರೆ ಬರಬಾರದು, ನೊರೆ ಬಂದರೆ ಕಿಣ್ವ ಕೆಟ್ಟಂತೆ, ಶೀಶೆಯನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ತೂಗಬೇಕು, ಬಿಳಿ ಪುಡಿ ನೀರಿನಲ್ಲಿ ಕಾಣೆಯಾಗುತ್ತಿದೆ, ಉಗುರಿನ ತುದಿಯಷ್ಟೂ ಇಲ್ಲ, ಯಾವುದೋ ಮಣ್ಣಿನ ಬ್ಯಾಕ್ಟೀರಿಯಾದ ಒಡಲಿನಿಂದ ಯಾರೋ ಸೋಸಿ ಸೋಸಿ ತೆಗೆದದ್ದು, ಐಸಿನಲ್ಲಿ ಮಲಗಿ ಚಿಕ್ಕೋಡಿಯ ಈ ಲ್ಯಾಬಿಗೆ ಬಂದಿದೆ, ಇದನ್ನು ಕೈಯಲ್ಲಿ ಹಿಡಿದಾಗಲೆಲ್ಲ ಉಸಿರು ತಗ್ಗುತ್ತದೆ ನನಗೆ — ಹೊರಗೆ ಬೆಂಚಿನ ಮೇಲೆ ರೂಪೇಶಣ್ಣ ಬೈಕಿನ ಕೀಲಿ ಕುಣಿಸುತ್ತಿದ್ದಾನೆ, ಉಜ್ಜೂ, ಆತೇನಬೇ, ಭಾಗ್ಯಾನ ತವರವ್ರು ಸತ್ತಿ ಊರಿಂದ ಜೀಪ ತಗೊಂಡ ಬಂದ ಮನಿಯಾಗ ಕುಂತಾರ — ಕೂತಿರಲಿ, ಕುಬಸ ಮುಗಿಯಿತು, ಚೊಚ್ಚಲ ಹೆರಿಗೆಗೆ ಸೊಸೆ ನಮ್ಮ ಅಂಕಲಿಯಿಂದ ಹೊಳೆ ದಾಟಿ ತವರಿಗೆ ಹೋಗಲೇಬೇಕು, ಆದರೆ ಭಾಗ್ಯಾ ವೈನಿಯ ಪಾದ, ಬಚ್ಚಲ ಕಲ್ಲಿಗೆ ಉಜ್ಜಿ ಉಜ್ಜಿ ಸಿಪ್ಪೆ ಎದ್ದ ಪಾದ, ನಾನು ಕಂಡೊಡನೆ ಅವಳು ಸೀರೆ ಇಳಿಬಿಟ್ಟಳು. ಅವ್ವ ಅಕ್ಕುತಾಯಿಯದು ಒಂದೇ ಮಾತು, ರವದಿ ಹತ್ತೇತಿ ಆಕಿಗಿ, ಕಬ್ಬಿನ ಒಣಗಿದ ಗರಿ, ಕಬ್ಬ ಕಡಿಯೋರ ಮನಿಯಾಗ ತುರಿಕಿ ಅಂದ್ರ ಹೊಸಾದೇನ, ಕೊಬ್ರಿಎಣ್ಣಿ ಹಚ್ಚ. ಅವ್ವಾ, ಆಕಿ ಹೊಲಕ್ಕ ಕಾಲ ಇಟ್ಟಿಲ್ಲಲಾ. ರೂಪ್ಯಾನ ಅಂಗಿ ಹಿಡದ ಬರ್ತೈತಿ, ಅವನ ಅಂಗಿ ತೊಳ್ಯಾಕಿ ಯಾರು? ಪಾಪ ಅಣ್ಣ, ಅಂದಿನಿಂದ ಪಡಸಾಲೆಯಲ್ಲಿ ಮಲಗುತ್ತಾನೆ, ನಾ ಏನ ಹಾವೇನಬೇ ನನ್ನ ಮುಟ್ಟಬಾರ್ದಂತ, ಎಂದು ನಕ್ಕ — ಆದರೆ ಒಂದು ಗುಳ್ಳೆಯೂ ಇಲ್ಲದೆ ಅಂಗೈ ಅಂಗಾಲು ಮಾತ್ರ ತುರಿಸುವ ರವದಿ ಯಾವುದು? ವೈನಿ ರಕ್ತ ಕೊಡಲು ಬಂದಾಗ ಡಾಕ್ಟರಬಾಯಿ ಅವಳ ಕಣ್ಣ ರೆಪ್ಪೆ ಎತ್ತಿ ನೋಡಿ ನನ್ನ ಕಡೆ ತಿರುಗಿದರು, ರಕ್ತದಾಗ ಪಿತ್ತಾಮ್ಲ ಏರಿತ್ತಂದ್ರ ಎಲ್ಲೂ ಕಳಸಬ್ಯಾಡ್ರಿ, ನೇರ ಇಲ್ಲಿಗೆ ತರ್ರಿ, ಕೂಸು ಒಳಗೇ ಸದ್ದಿಲ್ಲದ ಹೋಗಿಬಿಡತೈತಿ.

ಸದ್ದಿಲ್ಲದೆ — ಎರಡು ನಳಿಕೆ, ಎರಡರಲ್ಲೂ ವೈನಿಯ ರಕ್ತದ ತಿಳಿ, ಎರಡರಲ್ಲೂ ಬಣ್ಣ ಬರಿಸುವ ದ್ರವ, ಒಂದಕ್ಕೆ ಕಿಣ್ವವಿಲ್ಲ, ಒಂದಕ್ಕೆ ಇದೆ, ಅಷ್ಟೇ ಭೇದ, ಈಗ ಕಿಣ್ವದ ಹನಿ ಬಿತ್ತು, ಈಗ ಅದು ಹುಡುಕುತ್ತಿದೆ, ಸಕ್ಕರೆ ಇದೆ, ಮುಟ್ಟುವುದಿಲ್ಲ, ಉಪ್ಪಿದೆ, ಮುಟ್ಟುವುದಿಲ್ಲ, ಕೊಲೆಸ್ಟ್ರಾಲು ಪಿತ್ತಾಮ್ಲದ ಒಡಹುಟ್ಟಿನ ಹಾಗೆಯೇ ಇದೆ, ಅದೇ ಮೈಕಟ್ಟು, ಆದರೆ ಅದರ ಮೂರನೆಯ ಇಂಗಾಲದ ಕೈ ಮೇಲಕ್ಕೆ ಚಾಚಿದೆ, ಪಿತ್ತಾಮ್ಲದ್ದು ಕೆಳಕ್ಕೆ, ಕೆಳಕ್ಕೆ ಚಾಚಿದ ಕೈಯನ್ನು ಮಾತ್ರ ಹಿಡಿಯುತ್ತದೆ ಇದು, ಕಣ್ಣಿಲ್ಲದ್ದು, ಹೆಸರು ಕೇಳದ್ದು, ಮನೆಯಲ್ಲಿ ನಾವೆಲ್ಲ ರವದಿ, ಅಂಗಿ, ಎಣ್ಣೆ ಎಂದು ಮಾತಾಡುತ್ತಿದ್ದೆವಲ್ಲ, ಇದು ಮಾತಾಡದೆ ಒಂದು ಹೈಡ್ರೋಜನ್ ಕಿತ್ತು ಮುಂದಿನ ಅಣುವಿನ ಕೈಗಿಡುತ್ತದೆ, ಅದು ಬಣ್ಣದ ಕೈಗೆ, ಬಣ್ಣ ಕೆಂಪೇರುತ್ತದೆ, ಬಸುರಿಯ ರಕ್ತದಲ್ಲಿ ತುಸು ಗುಲಾಬಿ ಸಹಜ, ಅಲ್ಲಿಗೆ ನಿಲ್ಲಲಿ, ಗುಲಾಬಿಗೆ ನಿಲ್ಲಲಿ, ವೈನಿ ಜೀಪು ಹತ್ತಲಿ, ಹಸಿರು ಬಳೆ ಸದ್ದು ಮಾಡುತ್ತ ಹೊಳೆ ದಾಟಲಿ — ನಿಲ್ಲಲಿಲ್ಲ. ಗುಲಾಬಿ ದಾಟಿತು. ಯಂತ್ರಕ್ಕಿಟ್ಟೆ, ಅಳತೆಯೂ ಅದನ್ನೇ ಅಂದಿತು. ಅಣ್ಣ ಬಾಗಿಲಿಗೆ ಬಂದು ಇಣುಕಿದ, ಏನಬೇ, ಹೋಳಿ ಹುಣ್ಣಿವಿ ಆಡಾಕತ್ತೀಯೇನ? ಅಣ್ಣಾ, ಜೀಪ ಸತ್ತಿಗಿ ಬ್ಯಾಡ, ವೈನಿನ್ನ ಈಗಿಂದೀಗ ದವಾಖಾನಿಗಿ ಕರ್ಕೊಂಡ ಬರ್ರಿ ಅನ್ನು. ಕೀಲಿಯ ಸದ್ದು ನಿಂತಿತು. ಕೂಸು? ಐತಿ, ಒದ್ಯಾಕತ್ತೇತಿ, ಅದಕ್ಕ ಲಗೂ ಹೋಗು, ಫೋನ ಹಚ್ಚು. ಅವನು ಓಡಿದ, ಮೆಟ್ಟಿಲ ಮೇಲೆ ಅವನ ದನಿ, ಅವ್ವಾ, ರವದಿ ಅಲ್ಲಬೇ ಅದು — ನಾನು ಡಾಕ್ಟರಬಾಯಿಗೆ ಹೇಳಬೇಕು, ಕೈ ತೊಳೆಯಬೇಕು, ಏಳಬೇಕು, ಏಳಲಾಗುತ್ತಿಲ್ಲ, ಒಂದು ನಳಿಕೆ ಬೆಳ್ಳಗೆ, ಒಂದು ಕೆಂಪು, ಅದೇ ರಕ್ತ, ಒಂದು ಬೆಳ್ಳಗೆ, ಒಂದು ಕೆಂಪು, ಇನ್ನೂ ಕೆಂಪು