ನೆಲದೊಳಗೆ ಉಳಿದ ಶಾಲ್ಮಲಾ

ನಾನು ಒಂದು ಸುರಂಗ ಕೊರೆಯುವ ಯಂತ್ರ. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಉದ್ದ ಮುನ್ನೂರು ಅಡಿ. ಮುಂದುಗಡೆ ಎರಡಂತಸ್ತಿನ ಮನೆಯಷ್ಟು ಎತ್ತರದ ದುಂಡು ಮುಖ, ಅದರ ತುಂಬ ಉಕ್ಕಿನ ಹಲ್ಲು. ಹುಟ್ಟಿದ ಮೇಲೆ ಒಮ್ಮೆ ತಿರುಗಿಸಿ ನೋಡಿ, ತಲೆದೂಗಿ, ಬಿಚ್ಚಿ ಹಡಗಿಗೇರಿಸಿದರು. ಮೊದಲ ಒಡೆಯರು ಬೇರೆ ದೇಶದಲ್ಲಿ ನನ್ನಿಂದ ಎರಡು ಸುರಂಗ ತೋಡಿಸಿದರು. ಅಲ್ಲಿ ನನಗೊಂದು ನಂಬರು ಮಾತ್ರ ಇತ್ತು. ಕೆಲಸ ಮುಗಿದ ಮೇಲೆ ಬೆಂಗಳೂರಿನ ಗುತ್ತಿಗೆದಾರರೊಬ್ಬರಿಗೆ ಮಾರಿದರು.

ಈ ಊರಿನ ಮೆಟ್ರೋ ಮೊದಲು ಕಂಬಗಳ ಮೇಲೆ ಓಡಿತಂತೆ. ಕಂಬ ನೆಡಲು ಜಾಗವೇ ಇಲ್ಲದ ಹಳೆಯ ಪೇಟೆ ಬೀದಿಗಳು ಎದುರಾದಾಗ ನೆಲದೊಳಗೆ ಇಳಿಯಿತು. ನನಗಿಂತ ಮುಂಚೆ ಬಂದ ಯಂತ್ರಗಳು ಕೊರೆದ ಸುರಂಗಗಳಲ್ಲಿ ಆಗಲೇ ರೈಲು ಓಡುತ್ತಿತ್ತು. ಆದರೂ ಇಲ್ಲಿಯ ನೆಲದ ಸ್ವಭಾವ ಯಾರಿಗೂ ಪೂರ್ತಿ ತಿಳಿದಿರಲಿಲ್ಲ. ಹತ್ತು ಅಡಿ ಮೆತ್ತನೆಯ ಮಣ್ಣು ಸಿಕ್ಕರೆ, ಮುಂದಿನ ಹೆಜ್ಜೆಗೆ ಆನೆಗಾತ್ರದ ಬಂಡೆ.

ನನ್ನನ್ನು ನಡೆಸಲು ಬಂದವಳು ಗಿರಿಜಾ ಹಂಚಿನಮನಿ. ಧಾರವಾಡದ ಕಡೆಯವಳು, ಮೂವತ್ತು ದಾಟಿತ್ತು. ಸುರಂಗದಲ್ಲಿದ್ದ ಎಂಬತ್ತು ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು. ಉಳಿದವರು ಒಟ್ಟಿಗೆ ಕೂತು ಉಣ್ಣುವಾಗ ಅವಳು ನನ್ನ ಕ್ಯಾಬಿನ್ನಿನಲ್ಲೇ ರೊಟ್ಟಿ ಮುರಿಯುತ್ತಿದ್ದಳು. ಮೊದಲ ದಿನ ನನ್ನ ಗೋಡೆಯ ಮೇಲೆ ಅಂಗೈಯಿಟ್ಟು ಹೇಳಿದಳು: "ನಮ್ಮ ಕಡೆ ಶಾಲ್ಮಲಾ ಅಂತ ಹೊಳಿ ಐತಿ. ನೆಲದಾಗ ಅಡಗಿ ಹರೀತೈತಿ ಅಂತಾರ. ನಿನಗೂ ಅದ ಹೆಸರು ಇರ್ಲಿ."

ಏಳು ತಿಂಗಳು ಇಬ್ಬರೂ ಕೊರೆದೆವು. ಅವಳು ಯಾರೊಡನೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ನನ್ನ ಸದ್ದನ್ನು ಮಾತ್ರ ಕಿವಿಗೊಟ್ಟು ಕೇಳುತ್ತಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ನನ್ನ ಮುಖಕ್ಕೆ ಒರಗಿದ್ದ ಮಣ್ಣಿನ ಒತ್ತಡ ತಟಕ್ಕನೆ ಸಡಿಲವಾಯಿತು. ಒಳಗೆ ಬರುವ ಮಣ್ಣು ಮಿತಿಮೀರಿತು. ಅದರಲ್ಲಿ ಉಳಿಯಿಂದ ಕೆತ್ತಿದ ಕಲ್ಲಿನ ಚೂರುಗಳೂ ಇದ್ದವು. ಗಿರಿಜಾ ನನ್ನನ್ನು ನಿಲ್ಲಿಸಿ, ಮೇಲಿನ ಕಚೇರಿಗೆ ಫೋನು ಮಾಡಿದಳು. ಅಲ್ಲಿದ್ದವರು ಮ್ಯಾನೇಜರ್ ಮುರಳೀಧರ್.

"ಸರ, ಎರಡು ಅಡಿ ಹೋಗೇವಿ, ಐದು ಅಡಿ ಹೋದಷ್ಟು ಮಣ್ಣು ಬಂದೈತಿ. ಮ್ಯಾಲೆ ಹಳೇ ಬಾವಿ ಇರಬೇಕು."

"ನಕ್ಷೆಯಲ್ಲಿ ಯಾವ ಬಾವಿಯೂ ಇಲ್ಲಮ್ಮ. ಮುಂದೆ ತಳ್ಳಿ. ನಿಂತರೆ ಮಣ್ಣು ಹಿಡಿದುಕೊಳ್ಳುತ್ತೆ, ಆಮೇಲೆ ಯಂತ್ರ ಅಲ್ಲಾಡೋದಿಲ್ಲ."

"ತಳ್ಳಿದ್ರ ಮ್ಯಾಲಿನ ಮಂದಿ ಒಳಗ ಬೀಳ್ತಾರ. ಮೊದಲ ಅವರನ್ನ ಹೊರಗ ಕಳಸ್ರಿ."

ಅವರು ಒಪ್ಪಲಿಲ್ಲ. ಗಿರಿಜಾ ಫೋನಿಟ್ಟು, ಹೆಲ್ಮೆಟ್ಟಿನಲ್ಲೇ ಮೆಟ್ಟಿಲು ಹತ್ತಿ ಬೀದಿಗೆ ಓಡಿದಳು. ಮೇಲಿದ್ದದ್ದು ಬೇಕರಿ, ಅದರ ಹಿಂದೆ ನಾಲ್ಕು ಮನೆ. ಪ್ರತಿ ಬಾಗಿಲು ಬಡಿದು ಹತ್ತೊಂಬತ್ತು ಜನರನ್ನು ಹೊರಗೆ ಕರೆತಂದಳು. ಪೊಲೀಸರು ಬಂದು ಹಗ್ಗ ಕಟ್ಟಿದರು.

ಎರಡು ದಿನ ಏನೂ ಆಗಲಿಲ್ಲ. ಬೀದಿಯವರು ಬೈದರು. ಸುತ್ತಲಿನ ಮಣ್ಣು ನನ್ನನ್ನು ಬಿಗಿಯಾಗಿ ಹಿಡಿಯಿತು. ಆ ವಿಷಯದಲ್ಲಿ ಮ್ಯಾನೇಜರ್ ಹೇಳಿದ್ದೇ ನಿಜವಾಯಿತು. ಗಿರಿಜಾಳನ್ನು ಕೆಲಸದಿಂದ ತೆಗೆದರು. ಅವಳು ಊಟದ ಡಬ್ಬಿ ತೆಗೆದುಕೊಳ್ಳಲು ಬಂದು, ನನ್ನ ಗೋಡೆಯ ಮೇಲೆ ಅಂಗೈಯಿಟ್ಟಳು. "ನಿನ್ನ ಸಿಗಿಸಿ ಹೊಂಟೆ. ತಪ್ಪು ತಿಳೀಬ್ಯಾಡ" ಅಂದಳು.

ಮೂರನೆಯ ದಿನ ಬೆಳಿಗ್ಗೆ ಬೇಕರಿಯ ನೆಲ ಬಾಯಿಬಿಟ್ಟಿತು. ಒಲೆ, ಗಾಜಿನ ಕಪಾಟು, ಅರ್ಧ ಗೋಡೆ ಎಲ್ಲ ಒಳಗೆ ಇಳಿದವು. ಯಾರಿಗೂ ಗಾಯವಾಗಲಿಲ್ಲ. ಗುಂಡಿಯ ಅಂಚಿನಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿಯ ಸುತ್ತು ಕಾಣಿಸಿತು.

ವಾರ ಕಳೆದ ಮೇಲೆ ಮುರಳೀಧರ್ ನನ್ನ ಕ್ಯಾಬಿನ್ನಿಗೇ ಬಂದು, ಅಲ್ಲಿಯ ಫೋನಿನಿಂದ ಅವಳಿಗೆ ಕರೆ ಮಾಡಿದರು. "ವಾಪಸ್ ಬನ್ನಿ ಗಿರಿಜಾ. ತಪ್ಪು ನನ್ನದು."

ಅವಳ ದನಿ ಸ್ಪೀಕರಿನಲ್ಲಿ ಸಣ್ಣಗೆ ಕೇಳಿತು. "ನನ್ನ ಮಾತು ನಂಬಾಕ ನೆಲಾನ ಕುಸೀಬೇಕಾತಲ್ರಿ ಸರ. ನಾ ಬರೂದಿಲ್ಲ. ಬ್ಯಾರೆ ಊರಾಗ ಕೆಲಸಾ ಒಪ್ಪಿಕೊಂಡೇನಿ." ಆಮೇಲೆ ಕೇಳಿದಳು: "ಶಾಲ್ಮಲಾ ಹ್ಯಾಂಗದಾಳ?"

"ಯಾರು?" ಅಂದರು ಅವರು.

ಅವಳು ಫೋನಿಟ್ಟಳು. ಆ ಹೆಸರಿನಿಂದ ನನ್ನನ್ನು ಆಮೇಲೆ ಯಾರೂ ಕರೆದಿಲ್ಲ.

ಬಾವಿಗೆ ಕಾಂಕ್ರೀಟು ತುಂಬಿದರು. ನಾನು ಮಾತ್ರ ಕದಲಲಿಲ್ಲ. ಎದುರು ದಿಕ್ಕಿನಿಂದ ಇನ್ನೊಂದು ಯಂತ್ರ ಕೊರೆಯುತ್ತ ಹತ್ತಿರ ಬಂದು ನಿಂತಿತು. ನಡುವೆ ಉಳಿದ ಮಣ್ಣನ್ನು ಜನರೇ ತೋಡಿದರು. ನನ್ನ ಮುಖವನ್ನೂ ಮೋಟಾರುಗಳನ್ನೂ ತುಂಡುಮಾಡಿ ಗುಜರಿಗೆ ಸಾಗಿಸಿದರು. ಹೊರಗಿನ ಉಕ್ಕಿನ ಕವಚವನ್ನು ಕೀಳಲಾಗದೆ ಅಲ್ಲೇ ಬಿಟ್ಟು, ಒಳಗೆ ಕಾಂಕ್ರೀಟು ಬಳಿದು, ಹಳಿ ಹಾಸಿದರು. ಆ ಕವಚವೇ ಈಗಿನ ನಾನು.

ಐದು ನಿಮಿಷಕ್ಕೊಂದು ರೈಲು ನನ್ನ ಒಡಲೊಳಗಿಂದ ಹಾದುಹೋಗುತ್ತದೆ. ಇಷ್ಟು ಜನ ನನ್ನೊಳಗೆ ಹಿಂದೆಂದೂ ಇರಲಿಲ್ಲ. ಇಷ್ಟು ಒಂಟಿಯಾಗಿಯೂ ನಾನೆಂದೂ ಇರಲಿಲ್ಲ. ಕೆಲವರು ಕಿಟಕಿಯ ಕಡೆ ತಿರುಗುತ್ತಾರೆ, ನನ್ನನ್ನೇ ನೋಡಿದರು ಅನ್ನಿಸುತ್ತದೆ. ಆದರೆ ಹೊರಗೆ ಕತ್ತಲು. ಗಾಜಿನಲ್ಲಿ ಅವರಿಗೆ ಕಾಣುವುದು ಅವರದೇ ಮುಖ. ಕೂದಲು ಸರಿಮಾಡಿಕೊಂಡು ಮುಂದಿನ ನಿಲ್ದಾಣದಲ್ಲಿ ಇಳಿದು ಹೋಗುತ್ತಾರೆ.